ಮಾಳಕರಿಯ ಕೈಗೆ ಪೇಸ್ಟು, ನನ್ನ ಬಾಯಿಗೆ ಎಸ್ಪೇರಾ

ಪೇಸ್ಟ್ ಹಚ್ಚುವ ಕೆಲಸಕ್ಕೆ ಮಾಳಕರಿಗಳನ್ನೇ ಹಾಕೋಣ ಎಂದು ಹೇಳಿದವನು ನಾನು. ಮಾಳಕರಿ ಎಂದರೆ ಪಂಢರಪುರಕ್ಕೆ ಹೋಗಿ ಕೊರಳಿಗೆ ತುಳಸಿಮಾಲೆ ಹಾಕಿಕೊಂಡು ಬಂದವರು. ಮಾಲೆ ಬಿದ್ದ ಮೇಲೆ ಮಾಂಸ ಇಲ್ಲ, ದಾರು ಇಲ್ಲ. ಅಥಣಿ, ಕಾಗವಾಡ, ರಾಯಬಾಗದ ಕಡೆ ಓಣಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ದ್ರಾಕ್ಷಿಯ ಛಾಟಣಿ, ಅಂದರೆ ಕಡ್ಡಿ ಸವರುವ ಕೆಲಸ, ಮುಗಿದ ಮೇಲೆ ಬಳ್ಳಿಯಲ್ಲಿ ಉಳಿದ ಕಡ್ಡಿಯ ಚಿಗುರುಗಣ್ಣುಗಳಿಗೆ ನಾವು ಒಂದು ಔಷಧಿ ಹಚ್ಚುತ್ತೇವೆ. ಎಲ್ಲ ಕಣ್ಣೂ ಒಟ್ಟಿಗೆ ಒಡೆಯಲಿ ಎಂದು. ಅದಕ್ಕೆ ನಮ್ಮಲ್ಲಿ ಪೇಸ್ಟ್ ಎಂದೇ ಹೆಸರು. ಅದಕ್ಕೂ ದಾರುವಿಗೂ ಆಗಿಬರುವುದಿಲ್ಲ. ಪೇಸ್ಟ್ ಮೈಗೆ ಸೋಕಿದವನ ಹೊಟ್ಟೆಗೆ ದಾರು ಹೋದರೆ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಇಳಿದು ಮನುಷ್ಯ ಬೀಳುತ್ತಾನೆ. ಬಿದ್ದವನು ಏಳದೆಯೂ ಹೋಗಬಹುದು. ಹಿಂದಿನ ದಿನ ಕುಡಿದಿರಬಾರದು, ಆಮೇಲೆ ಒಂದು ವಾರ ಕುಡಿಯಬಾರದು. ಇಂಥ ವ್ರತ ಹಿಡಿಯುವ ಗಂಡಸರನ್ನು ಛಾಟಣಿಗೆ ಬರುವ ಆಳುಗಳ ಟೋಳಿಯಲ್ಲಿ ಎಲ್ಲಿ ಹುಡುಕುವುದು ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನನಗೆ ಮಾಲೆ ನೆನಪಾಯಿತು. ಇಷ್ಟು ಸುಲಭದ ಉಪಾಯ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಆ ಸಂಜೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಥಣಿ ತಾಲ್ಲೂಕಿನ ಅನಂತಪುರದ ಸುತ್ತಿನ ದ್ರಾಕ್ಷಿ ಬೆಳೆಗಾರರ ಒಂದು ಗುಂಪಿನಲ್ಲಿ ನಾನು ಮೇಲ್ವಿಚಾರಕ. ಕೃಷಿ ಡಿಪ್ಲೊಮಾ ಮಾಡಿಕೊಂಡು ಬಂದವನು. ಬೈಕಿನ ಮೇಲೆ ತೋಟದಿಂದ ತೋಟಕ್ಕೆ ಸುತ್ತುವುದು ಕೆಲಸ, ನಕಲಿ ಮಾಡುವುದು ಚಾಳಿ. ಗುಂಪಿನ ಅಧ್ಯಕ್ಷರು ಫೋನಿನಲ್ಲಿ ಗದರುವುದು, ಔಷಧಿ ಮಾರುವವನು ಮರಾಠಿ ಬೆರೆಸಿ ಆಣೆ ಹಾಕುವುದು, ಸೊಸೈಟಿಯ ಗುಮಾಸ್ತ ಊಟದ ಹೊತ್ತಿಗೆ ಕುರ್ಚಿ ಸರಿಸುವ ಸದ್ದು, ಎಲ್ಲವೂ ನನ್ನ ಗಂಟಲಲ್ಲಿವೆ. ಯಾರೂ ಸಿಗದ ದಿನ ನನ್ನನ್ನೇ ಮಾಡಿಕೊಳ್ಳುತ್ತೇನೆ. ಸಂಬಳ ಹೆಚ್ಚು ಮಾಡಿ ಎಂದು ಕೇಳಲು ಹೋದಾಗ ನನ್ನ ದನಿ ಕೋಳಿಮರಿಯದಾಗುತ್ತದೆ. ಅದನ್ನು ಮಾಡಿ ತೋರಿಸಿದರೆ ಅಧ್ಯಕ್ಷರೂ ನಗುತ್ತಾರೆ. ಸಂಬಳ ಮಾತ್ರ ಇದ್ದಲ್ಲೇ ಇದೆ.

ಆ ಹಂಗಾಮಿನಲ್ಲಿ ಹೊರದೇಶಕ್ಕೆ ಹೋಗುವಂಥ ಗೊನೆ ಬೆಳೆಯಬೇಕೆಂದು ಗುಂಪು ಹಟ ಹಿಡಿದಿತ್ತು. ಮಾಲು ಕೊಳ್ಳುವವರು ಛಾಟಣಿ ಕಲಿಸಲು ಪೆರು ದೇಶದ ಒಬ್ಬ ತಜ್ಞೆಯನ್ನು ಕಳಿಸಿದರು. ಅವರ ಮಾತು ಸ್ಪ್ಯಾನಿಶ್. ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೇ, ನನಗೂ ಅಷ್ಟಕ್ಕಷ್ಟೇ. ಪುಣೆಯಿಂದ ಜೊತೆಗೆ ಬಂದಿದ್ದ ದುಭಾಷಿ ನಮ್ಮ ಬಿಸಿಲು ಕಂಡು ಮರುದಿನವೇ ಪುಣೆಗೆ ಮರಳಿದ. ಅಧ್ಯಕ್ಷರು ನನ್ನನ್ನು ಕರೆದರು.

"ಊರಾಗಿನವರದೆಲ್ಲಾ ದನಿ ತಗೀತಿ. ಈಕೀದೂ ತಗದು ನಮಗ ತಿಳಸು."

"ದನಿ ಬ್ಯಾರೆ, ಭಾಷಾ ಬ್ಯಾರೆ ಅಲ್ರಿ ಸಾಹೇಬ್ರ?"

"ಮೊದಲು ದನಿ ತಗಿ. ಭಾಷಾ ಹಿಂದಿಂದ ಬರ್ತೈತಿ."

ನಗಲು ಹೇಳಿದ್ದೋ ನಿಜಕ್ಕೂ ಹೇಳಿದ್ದೋ ತಿಳಿಯಲಿಲ್ಲ. ಆದರೆ ಕೆಲಸ ನಡೆದದ್ದು ಹಾಗೆಯೇ.

ಛಾಟಣಿಗೆ ಬಂದಿದ್ದ ಟೋಳಿ ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯದು. ಹೆಚ್ಚಿನವರು ಗಂಡಹೆಂಡಿರ ಜೋಡಿ. ಗಂಡಸರು ಕತ್ತರಿ ಹಿಡಿದು ಕಡ್ಡಿ ಕೊಯ್ಯುತ್ತಾರೆ, ಹೆಂಗಸರು ಕೊಯ್ದದ್ದನ್ನು ತಂತಿಯಿಂದ ಬಿಡಿಸಿ ಎಳೆದು ಹೊರೆ ಕಟ್ಟುತ್ತಾರೆ. ಪೆರು ದೇಶ ಎಂದಾಗ ಒಬ್ಬಾಕೆ, "ಪೇರು ಅಂದ್ರ ಪೇರಲಹಣ್ಣ ಅಲ್ಲೇನ್ರಿ? ಆ ಹಣ್ಣಿಗೊಂದು ದೇಶಾನೂ ಐತಿ?" ಎಂದಳು. ಅಂದಿನಿಂದ ತಜ್ಞೆ ಎಲ್ಲರಿಗೂ ಪೇರೂ ಬಾಯಿ. ಬಾಯಿ ಎಂದರೆ ಈ ಕಡೆ ಅಮ್ಮಾವರು ಎಂದಂತೆ.

ಟೋಳಿಯ ಮುಂದಾಳು, ಅಂದರೆ ಮುಕಾದಮರು, ಎತ್ತರದ, ಒಣಗಿದ ಮನುಷ್ಯ. ಮಾತಿಗೆ ಮುಂಚೆ ಒಮ್ಮೆ ಕೆಮ್ಮುತ್ತಾರೆ. ಆ ಕೆಮ್ಮಿಗೆ ಇಡೀ ಟೋಳಿ ತಲೆ ಎತ್ತುತ್ತದೆ. ಅವರ ಕೊರಳಲ್ಲಿ ತುಳಸಿಮಾಲೆ. ನನ್ನನ್ನು ಕರೆಯುವುದು ನಕಲಿ ಸಾಹೇಬ ಎಂದು. ನಾನು ಅವರನ್ನು ಕಾಕಾ ಎನ್ನುತ್ತೇನೆ, ಟೋಳಿಯಲ್ಲೇ ದುಡಿಯುವ ಅವರ ಹೆಂಡತಿಯನ್ನು ಕಾಕು ಎನ್ನುತ್ತೇನೆ. ಕಾಕಾನ ಕೆಮ್ಮು ನನ್ನ ಸರಕಿನಲ್ಲೇ ಉತ್ತಮವಾದದ್ದು. ಒಮ್ಮೆ ಬಳ್ಳಿಯ ಮರೆಯಲ್ಲಿ ನಿಂತು ಕೆಮ್ಮಿದ್ದಕ್ಕೆ ಬೀಡಿ ಸೇದುತ್ತಿದ್ದವರೆಲ್ಲ ಬೀಡಿ ಎಸೆದು ಕತ್ತರಿ ಹಿಡಿದಿದ್ದರು.

ಬಾಯಿ ಕೆಲಸ ಕಲಿಸುವ ರೀತಿ ಬೇರೆ. ನಮ್ಮವರ ಕೈ ಕಣ್ಣಿಗಿಂತ ಮುಂದೆ ಓಡುತ್ತದೆ. ಬಳ್ಳಿಯ ಮುಂದೆ ನಿಲ್ಲುವುದರೊಳಗೆ ಎರಡು ಕಡ್ಡಿ ಕೆಳಗೆ ಬಿದ್ದಿರುತ್ತವೆ. ಬಾಯಿ ಮೊದಲು ಬಳ್ಳಿಯ ಸುತ್ತ ಬರುತ್ತಿದ್ದರು. ಪೆನ್ಸಿಲ್ ದಪ್ಪದ, ಕಂದು ಬಣ್ಣಕ್ಕೆ ತಿರುಗಿದ, ಬೆರಳಿನಿಂದ ಬಾಗಿಸಿದರೆ ಚಿಟಿಕೆ ಸದ್ದು ಮಾಡುವ ಕಡ್ಡಿಯನ್ನು ಆರಿಸುತ್ತಿದ್ದರು. ಅದರ ಒಂದು ಕಣ್ಣನ್ನು ಬ್ಲೇಡಿನಿಂದ ಅಡ್ಡ ಸೀಳಿ, ಭೂತಗನ್ನಡಿ ಹಿಡಿದು, ಒಳಗೆ ಗೊನೆಯ ಮೊಳಕೆ ಇದೆಯೋ ಬರೀ ಎಲೆಯಿದೆಯೋ ನೋಡುತ್ತಿದ್ದರು. ಗೊನೆ ಎಷ್ಟನೆಯ ಕಣ್ಣಿನಲ್ಲಿ ಕೂತಿದೆಯೋ ಅದರ ಮೇಲೆಯೇ ಕತ್ತರಿ ಬೀಳಬೇಕು. ಅಷ್ಟರಲ್ಲಿ ಯಾರದಾದರೂ ಕತ್ತರಿ ಬಾಯಿ ತೆರೆದರೆ ಅಂಗೈ ಎತ್ತಿ, ದನಿ ಏರಿಸದೆ ಒಂದೇ ಮಾತು: "ಎಸ್ಪೇರಾ."

ಅರ್ಥ ಯಾರೂ ಕೇಳಲಿಲ್ಲ. ಎತ್ತಿದ ಅಂಗೈಯೇ ಅರ್ಥವಾಗಿತ್ತು: ತಡಿ. ಮಧ್ಯಾಹ್ನದೊಳಗೆ ಆ ದನಿ ನನ್ನ ಗಂಟಲಿಗೆ ಇಳಿದಿತ್ತು. ಯಾರಾದರೂ ರೊಟ್ಟಿ ಮುರಿದು ಬಾಯಿಗಿಡುವಾಗ ಹಿಂದಿನಿಂದ ಹೋಗಿ "ಎಸ್ಪೇರಾ" ಎಂದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಟೋಳಿ ನಕ್ಕಿತು, ಆಮೇಲೆ ತಾನೂ ಕಲಿಯಿತು. ಮರಾಠಿ, ಉರ್ದು, ಹಿಂದಿ ಯಾವುದು ಬಂದರೂ ಒಳಗೆ ಹಾಕಿಕೊಳ್ಳುವ ನಮ್ಮ ಗಡಿಯ ನಾಲಿಗೆಗೆ ಇದೇನು ಭಾರ. "ಏ, ಎಸ್ಪೇರಾ ಮಾಡಲೇ, ಬೆರಳ ಕೊಯ್ಕೋತಿ" ಎಂದು ಅಣ್ಣ ತಮ್ಮನಿಗೆ ಹೇಳುವುದು ಕೇಳಿಸತೊಡಗಿತು.

ಆ ಮಾತಿನ ಇನ್ನೊಂದು ಮುಖ ಗೊತ್ತಾದದ್ದು ತೋಟದ ಶೆಡ್ಡಿನಲ್ಲಿ. ಮುಂದಿನ ಕೆಲಸಗಳ ಸರದಿಯನ್ನು ಬಾಯಿ ಕಡ್ಡಿಯಿಂದ ನೆಲದ ಧೂಳಿನಲ್ಲಿ ಬರೆದು ತೋರಿಸುತ್ತಿದ್ದರು. ಒಂದು ಬಳ್ಳಿ, ಅದಕ್ಕೊಂದು ಗೀಟು, ಅದು ಛಾಟಣಿ. ಸ್ವಲ್ಪ ಜಾಗ ಬಿಟ್ಟು ಒಂದು ಹನಿ, ಅದು ಪೇಸ್ಟ್. ಹನಿಯ ಆಚೆ ಉದ್ದ ಜಾಗ, ಕೊನೆಗೆ ಒಂದು ಚಿಗುರು. ಕಡ್ಡಿಯನ್ನು ಆ ಖಾಲಿ ಜಾಗದ ಮೇಲೆ ಇಟ್ಟು "ಲಾ ಎಸ್ಪೇರಾ" ಎಂದರು.

ನನಗೆ ಗೊಂದಲವಾಯಿತು. ಅಂಗೈ ಎತ್ತಿ ತೋರಿಸಿ, ಇದು ಆಜ್ಞೆಯಲ್ಲವೇ, ತಡಿ ಎನ್ನಲು ಹೇಳುವ ಮಾತಲ್ಲವೇ ಎಂದು ಮುರುಕು ಇಂಗ್ಲಿಷಿನಲ್ಲಿ ಕೇಳಿದೆ. ಹೌದು ಎಂದರು. ಹಾಗಾದರೆ ನೆಲದ ಮೇಲಿರುವ ಈ ಖಾಲಿ ಜಾಗ? ಅದೂ ಹೌದು ಎಂದರು. ತಡಿ ಎನ್ನುವುದಕ್ಕೂ ಅದೇ, ತಡೆದಿರುವ ಆ ಹೊತ್ತಿಗೂ ಅದೇ. ಒಂದು ಮಾಡು ಎನ್ನುವುದು, ಇನ್ನೊಂದು ಇರುವ ವಸ್ತು. ವಸ್ತು ಎಂದಾಗ ಅವರು ಎರಡೂ ಕೈಯಲ್ಲಿ ಕುಂಬಳಕಾಯಿ ಹಿಡಿದಂತೆ ತೋರಿಸಿದರು.

ನಮ್ಮಲ್ಲಿ ಇಂಥದ್ದಿದೆಯೇ ಎಂದು ಯೋಚಿಸಿ ನೋಡಿದೆ. ನಗು ಇದೆ, ಅಳು ಇದೆ, ಹಾಡು ಇದೆ. ಹಲ್ಲು ತೋರಿಸಿ "ನಗು" ಎಂದು ಆಜ್ಞೆ ಕೊಟ್ಟೆ, ಆಮೇಲೆ ಅವರ ಮುಖದ ಮೇಲಿದ್ದುದನ್ನು ಬೆರಳಲ್ಲಿ ತೋರಿಸಿ ಅದೂ ನಗುವೇ ಎಂದೆ. ಬಾಯಿ ಅದನ್ನು ಬೇಗ ಹಿಡಿದರು. ಪಕ್ಕದಲ್ಲಿ ಕಾಕಾ ಕೂತಿದ್ದರು.

"ಏನ್ ನಡದೈತಿ ನಿಮ್ಮಿಬ್ಬರದು, ಮಂಗ್ಯಾನಂಗ ಹಲ್ಲ ಕಿಸಿಯೂದು?"

"ಶಾಲಿ ನಡಸೇವ್ರಿ ಕಾಕಾ. ನಿಮ್ಮ ಕೆಮ್ಮೂ ಅದರಾಗ ಬರ್ತೈತಿ. ಕೆಮ್ಮು ಅಂದ್ರ ಕೆಮ್ಮು, ಕೆಮ್ಮು ಅಂದ್ರೂ ಕೆಮ್ಮು."

"ನನ್ನ ಕೆಮ್ಮ ಬಿಟ್ಟ ನಿನಗ ಬ್ಯಾರೆ ಉದ್ಯೋಗಿಲ್ಲ ನೋಡು" ಎಂದು ಅವರು ಮಂಡಿ ಹಿಡಿದುಕೊಂಡು ಎದ್ದರು.

ಪೇಸ್ಟಿನ ನಿಯಮಗಳನ್ನು ಟೋಳಿಗೆ ಹೇಳಬೇಕಾದ ದಿನ ಬಾಯಿ ನಗಲಿಲ್ಲ. ಕೈಗವಸು, ಮೂಗಿಗೆ ಮುಖವಾಡ, ಉದ್ದ ತೋಳಿನ ಅಂಗಿ, ಸಾಬೂನು ನೀರು, ಎಲ್ಲವನ್ನೂ ಒಂದೊಂದೇ ತೋರಿಸಿದರು. ಕೊನೆಗೆ "ಆಲ್ಕೋಲ್" ಎಂದು ಹೇಳಿ, ಬೆರಳಿನಿಂದ ಗಂಟಲಿನ ಮೇಲೆ ಅಡ್ಡ ಗೀಟು ಎಳೆದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ.

"ದಾರು ಕುಡಿಯಾವ್ರು ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ. ಗಂಡಸರೆಲ್ಲ ಮೋಡ ನೋಡತೊಡಗಿದರು.

"ಕೈ ಯಾಕ ಎತ್ತಸ್ತೀರಿ ಸಾಹೇಬ್ರ?" ಎಂದಳು ಒಬ್ಬಾಕೆ. "ಒಬ್ಬೊಬ್ಬರ ಬಾಯಿ ಹತ್ರ ಮೂಗು ಹಿಡೀರಿ, ತಿಳೀತೈತಿ."

ಆಗಲೇ ನಾನು ಮಾಲೆಯ ಮಾತು ತೆಗೆದದ್ದು. ಮಾಲೆ ಇದ್ದವರು ನಾಲ್ವರು: ಕಾಕಾ, ಕಾಕು, ಎಲ್ಲರೂ ಆಯಿ ಎಂದು ಕರೆಯುವ ಒಬ್ಬ ಮುದುಕಿ, ಮತ್ತು ಅವಳ ಮಗ. ಕಾಕಾ ಕೆಮ್ಮಿ ಎದ್ದು ನಿಂತರು.

"ನಾವು ಹಚ್ಚತೀವಿ. ನನ್ನ ಮಗಳು ಹುಟ್ಟಿದ ವರ್ಷ ಹಾಕ್ಕೊಂಡ ಮಾಲಿ ಇದು. ಆಕೀಗೆ ಈಗ ಕೂಸೈತಿ. ಅವತ್ತಿಂದ ಇವತ್ತಿನ ತನಕಾ ಒಂದು ಹನಿ ಇಲ್ಲ."

ಅದಕ್ಕೆ ಮುಂಚೆ ಅವರು ಹೇಗಿದ್ದರೆಂದು ಕಾಕು ನನಗೆ ಹೇಳಿದ್ದರು. ಕತ್ತರಿ ಮಾರಿ ಕುಡಿಯುತ್ತಿದ್ದರಂತೆ. ಮನೆಯಲ್ಲಿ ಕೈ ಎತ್ತುತ್ತಿದ್ದರಂತೆ. ಮಾಲೆ ಬಿದ್ದ ಮೇಲೆ ಕೈ ಇಳಿಯಿತು, ಕತ್ತರಿ ಉಳಿಯಿತು, ಮುಕಾದಮಿಕೆ ಬಂತು. ತೋಟದವರು ಆ ಟೋಳಿಯನ್ನು ಕರೆಯುತ್ತಿದ್ದುದೂ ಮುಂದೆ ನಿಂತ ಆ ಕೊರಳನ್ನು ನೋಡಿಯೇ. "ಮನಿ ನಿಂತಿದ್ದು ಆ ಮಾಲಿ ಮ್ಯಾಲ ತಮ್ಮಾ" ಎಂದಿದ್ದರು ಕಾಕು.

ಪೇಸ್ಟಿನ ದಿನ ಮಂಜು ಆರುವ ತನಕ ಬಾಯಿ ಬಕೆಟ್ ಮುಟ್ಟಗೊಡಲಿಲ್ಲ. ಒದ್ದೆ ಕಡ್ಡಿಗೆ ಹಚ್ಚಿದರೆ ಔಷಧಿ ಜಾರಿ ಕೆಳಗಿನ, ಒಡೆಯಬಾರದ ಕಣ್ಣುಗಳಿಗೂ ಇಳಿಯುತ್ತದೆ. ಆಮೇಲೆ ಅಳತೆಯ ಲೋಟದಲ್ಲಿ ಔಷಧಿ, ಅದಕ್ಕೆ ನೀರು, ಕೊನೆಗೆ ಚಿಟಿಕೆ ಕೆಂಪು ಬಣ್ಣ. ಯಾವ ಕಣ್ಣಿಗೆ ಹಚ್ಚಿದೆ, ಯಾವುದು ಬಿಟ್ಟಿದೆ ಎಂದು ಕಾಣಲಿ ಎಂದು ಬಣ್ಣ. ನಾಲ್ವರೂ ಸ್ಪಂಜಿನ ತುಂಡು ಹಿಡಿದು ಸಾಲಿಗಿಳಿದರು.

ಸ್ವಲ್ಪ ಹೊತ್ತಿಗೇ ಬಾಯಿಯ ಅಂಗೈ ಎದ್ದಿತು. ನೋಡಿದರೆ ಕಾಕಾನೂ ಆಯಿಯ ಮಗನೂ ಕೈಗವಸಿನ ಬೆರಳುತುದಿಗಳನ್ನು ಕತ್ತರಿಯಿಂದ ತೆಗೆದುಬಿಟ್ಟಿದ್ದರು.

"ಬೆರಳಿಗೆ ಹತ್ತದಿದ್ರ ಕಣ್ಣು ಹೆಂಗ ತಿಳೀಬೇಕು?" ಎಂದರು ಕಾಕಾ. ಅದೂ ನಿಜವೇ. ಅವರ ಬೆರಳು ಕಣ್ಣನ್ನು ಮುಟ್ಟಿ ಎಣಿಸುತ್ತದೆ, ನೋಡಿ ಎಣಿಸುವುದಿಲ್ಲ. ಇಬ್ಬರ ಬೆರಳೂ ಆಗಲೇ ಕೆಂಪಾಗಿದ್ದವು. ಬಾಯಿ ಅವರನ್ನು ಸಾಲಿನಿಂದ ಹೊರಗೆ ಕರೆದು, ಸಾಬೂನು ಹಚ್ಚಿಸಿ, ಮತ್ತೆ ಮತ್ತೆ ತೊಳೆಸಿ, ಹೊಸ ಕೈಗವಸು ಕೊಟ್ಟರು. ಕೆಲಸ ಮತ್ತೆ ನಡೆಯಿತು. ಬಿಸಿಲು ಬಲಿಯುವ ಮೊದಲು ನಿಲ್ಲಿಸಿದೆವು. ಎಲ್ಲರೂ ಕೈಕಾಲು ಮುಖ ತೊಳೆದು ಬುತ್ತಿ ಬಿಚ್ಚಿದರು.

ಊಟವಾಗಿ ಕಾಕಾ ಶೆಡ್ಡಿನ ಗೋಡೆಗೆ ಒರಗಿದ್ದರು. ನಾನು ಬಕೆಟ್ ತೊಳೆದು ಬಂದು ನೋಡಿದರೆ ಅವರ ಮುಖ, ಕಿವಿ, ಕೊರಳು ಎಲ್ಲ ಕೆಂಪು. ಪೇಸ್ಟಿನ ಬಣ್ಣವೇ ಮೆತ್ತಿಕೊಂಡಿದೆ ಎಂದುಕೊಂಡೆ.

"ಕಾಕಾ, ಬಣ್ಣದ ಹಬ್ಬ ಇನ್ನೂ ದೂರ ಐತ್ರಿ."

ಅವರು ಕೆಮ್ಮಲು ಹೋದರು. ಕೆಮ್ಮು ಬರಲಿಲ್ಲ. ಕಣ್ಣೊಳಗಿನ ಬಿಳಿಯೂ ಕೆಂಪಾಗಿದ್ದುದು ಆಗ ಕಾಣಿಸಿತು. ಅಂಗಿಯ ಮೇಲಿಂದಲೇ ಎದೆ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಮುಂದಕ್ಕೆ ಬಾಗಿ ವಾಂತಿ ಮಾಡಿಕೊಂಡು ಪಕ್ಕಕ್ಕೆ ಉರುಳಿದರು.

ಬಾಯಿ ಓಡಿ ಬಂದು ಮಣಿಕಟ್ಟು ಹಿಡಿದರು. ನನ್ನ ಮುಖ ನೋಡಿ "ಆಲ್ಕೋಲ್?" ಎಂದರು. ನಾನು ಇಲ್ಲ ಎಂದು ತಲೆಯಾಡಿಸಿ ಮಾಲೆ ತೋರಿಸಿದೆ. ಮತ್ತೆ ಕೇಳಿದರು. ಮತ್ತೆ ಮಾಲೆ ತೋರಿಸಿದೆ. ಇಷ್ಟು ಹೇಳಿದರೂ ಈ ಹೆಂಗಸಿಗೆ ತಿಳಿಯುವುದಿಲ್ಲವಲ್ಲ ಎಂದು ಒಳಗೊಳಗೇ ಸಿಟ್ಟು ಬಂತು. ಬಿಸಿಲು ಬಡಿದಿದೆ ಎಂದರು ಯಾರೋ. ಹೃದಯ ಹಿಡಿದಿದೆ ಎಂದರು ಇನ್ನೊಬ್ಬರು. ತೋಟದ ಮಾಲೀಕರು ಜೀಪು ತರಲು ಮನೆಗೆ ಓಡಿದರು.

ಕಾಕು ಅಳಲಿಲ್ಲ. ಬುತ್ತಿಯ ಗಂಟು ಬಿಚ್ಚಿ ಒಂದು ಕಂದು ಬಾಟಲಿ ತೆಗೆದು ಸ್ಟೀಲಿನ ಗ್ಲಾಸಿಗೆ ಸುರಿದರು.

"ದಣದಾರ. ಇದನ್ನ ಕುಡದ್ರ ಶಕ್ತಿ ಬರ್ತೈತಿ. ತಲಿ ಎತ್ತಿ ಹಿಡೀರಿ."

ಗ್ಲಾಸು ಕಾಕಾನ ತುಟಿಯ ಹತ್ತಿರ ಹೋಗುವಾಗ ವಾಸನೆ ನನ್ನ ಮೂಗಿಗೆ ಬಂತು. ನಾನು ದ್ರಾಕ್ಷಿಯ ಊರಿನವನು. ಒಣಗಲು ಹಾಕಿದ ದ್ರಾಕ್ಷಿಯ ಮೇಲೆ ಮಳೆ ಬಿದ್ದು ಹುಳಿಹೋದಾಗ ಬರುವ ವಾಸನೆ ನನಗೆ ಗೊತ್ತು. ಅದೇ ವಾಸನೆ.

"ಎಸ್ಪೇರಾ."

ಬಾಯಿಯ ದನಿ, ಬಾಯಿಯ ಅಂಗೈ, ಆದರೆ ಬಂದದ್ದು ನನ್ನಿಂದ. ಕಾಕು ಅವರ ಕೈ ಅಲ್ಲೇ ನಿಂತಿತು. ಇಡೀ ವಾರ ಆ ಮಾತಿಗೆ ನಿಂತು ನಿಂತು ಎಲ್ಲರ ಕೈಗೂ ರೂಢಿಯಾಗಿತ್ತು. ಯಾರೂ ನಗಲಿಲ್ಲ.

"ಕಾಕು, ಇದೇನ್ರಿ?"

"ಅರಿಷ್ಟ. ಮಂಡಿ ನೋವಿಗೆ. ಔಷಧದ ಅಂಗಡ್ಯಾಂದು."

"ಇವತ್ತ ಎಷ್ಟು ಕೊಟ್ಟೀರಿ?"

"ದಿನಾ ಎರಡು ಮುಚ್ಚಳ ತಗೋತಾರ. ಇವತ್ತ ಭಾಳ ದಣದಿದ್ರು ಅಂತ ಊಟಾದ ಮ್ಯಾಲ ಅರ್ಧಾ ಗ್ಲಾಸ್ ಕೊಟ್ಟೆ." ಅವರು ನನ್ನ ಮುಖ ನೋಡಿದರು. "ಯಾಕ, ಔಷಧ ಅದು."

ಔಷಧವೇ. ಬೇರು, ತೊಗಟೆ, ಬೆಲ್ಲ ಹಾಕಿ ತಿಂಗಳುಗಟ್ಟಲೆ ಹುಳಿ ಬರಿಸಿ ಮಾಡಿದ ಔಷಧ. ಹುಳಿ ಬಂದಾಗ ಅದರಲ್ಲಿ ದಾರುವಿನ ಅಂಶ ತಾನಾಗಿಯೇ ಹುಟ್ಟುತ್ತದೆ. ಕ್ಲಾಸಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಬಾಯಿ ಕೇಳಿದ್ದು ಆಲ್ಕೋಲ್. ನಾನು ಟೋಳಿಗೆ ಕೇಳಿದ್ದು ದಾರು. ಮೊದಲನೆಯದು ಎಲ್ಲಿ ಬೇಕಾದರೂ ಇರುತ್ತದೆ. ಎರಡನೆಯದು ದಾರು ಅಂಗಡಿಯಲ್ಲಿ ಮಾತ್ರ. ಗ್ಲಾಸನ್ನು ಬಾಯಿಯ ಮೂಗಿನ ಹತ್ತಿರ ಹಿಡಿದೆ. ಅವರು ಕಣ್ಣು ಮುಚ್ಚಿ ತೆರೆದರು.

ಕಾಕಾನ ಅಂಗಿ ಬಿಚ್ಚಿ, ಮೈಯೆಲ್ಲ ಮತ್ತೆ ಸಾಬೂನು ನೀರಿನಲ್ಲಿ ಒರೆಸಿ, ಕಾಲಡಿಗೆ ದ್ರಾಕ್ಷಿಯ ಕ್ರೇಟು ಇಟ್ಟು ಮಲಗಿಸಿದೆವು. ಜೀಪು ಬಂತು. ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿ ತಲೆಯನ್ನು ಕಾಕು ತೊಡೆಯ ಮೇಲೆ ಇಟ್ಟುಕೊಂಡರು, ಕಾಲನ್ನು ನಾನು. ಬಾಯಿ ಮುಂದೆ ಕೂತು ಹಿಂದಕ್ಕೆ ತಿರುಗಿ ಮಣಿಕಟ್ಟು ಹಿಡಿದೇ ಇದ್ದರು. ಅಥಣಿಯ ದಾರಿಯ ಒಂದೊಂದು ಗುಂಡಿಗೂ ಅವರ ಬೆರಳು ಜಾರುತ್ತಿತ್ತು, ಮತ್ತೆ ನಾಡಿ ಹುಡುಕುತ್ತಿತ್ತು.

ಕಾಕಾನಿಗೆ ಎಚ್ಚರವಿತ್ತು. ಮಾತು ಉಸಿರಿನಷ್ಟೇ ಬರುತ್ತಿತ್ತು.

"ಡಾಕ್ಟರಿಗೆ ಏನ್ ಹೇಳ್ತಿ?"

"ಆದದ್ದ ಹೇಳ್ತೀನ್ರಿ ಕಾಕಾ."

"ದಾರು ಅನ್ನಬ್ಯಾಡ." ಮಾಲೆಯನ್ನು ಮುಷ್ಟಿಯಲ್ಲಿ ಹಿಡಿದರು. "ಊಟ ಆಗಿಬರಲಿಲ್ಲ ಅನ್ನು. ಬಿಸಲು ಅನ್ನು."

"ಹೇಳಬ್ಯಾಡ ತಮ್ಮಾ," ಎಂದರು ಕಾಕು. "ಅವರು ಕುಡದಿಲ್ಲ. ಕುಡಿಸಿದಾಕಿ ನಾನು. ಊರಾಗ ಇದನ್ನ ಯಾರು ಬಿಡಿಸಿ ಕೇಳ್ತಾರ?"

ಯಾರೂ ಕೇಳುವುದಿಲ್ಲವೆಂದು ನನಗೂ ಗೊತ್ತಿತ್ತು. ಮಾಳಕರಿ ಕುಡಿದು ಬಿದ್ದ ಎಂಬ ಅರ್ಧ ಮಾತು ಸಂಜೆಯೊಳಗೆ ದಿಗ್ಗೇವಾಡಿ ಮುಟ್ಟುತ್ತದೆ. ಉಳಿದರ್ಧ ಮುಟ್ಟುವುದೇ ಇಲ್ಲ. ನಾನು ನಡುವಿನ ದಾರಿಯೊಂದನ್ನು ಹುಡುಕಿದೆ. ಪೇಸ್ಟಿನ ವಿಷಯ ಮಾತ್ರ ಹೇಳಿ ಬಾಟಲಿಯ ವಿಷಯ ಬಿಟ್ಟರೆ ಹೇಗೆ? ಬಾಯಿಗೆ ಕೈಸನ್ನೆಯಲ್ಲಿ ಕೇಳಿದೆ. ಅವರು ಎರಡು ಬೆರಳು ಎತ್ತಿ ಒಟ್ಟಿಗೆ ಜೋಡಿಸಿದರು. ಎರಡೂ. ಒಂದಿಲ್ಲದೆ ಇನ್ನೊಂದು ಡಾಕ್ಟರಿಗೆ ಉಪಯೋಗವಿಲ್ಲ. ನಾನು ಬಾಟಲಿಯನ್ನು ಕಿಸೆಗೆ ಹಾಕಿಕೊಂಡೆ. ಕಾಕಾ ಅದನ್ನು ನೋಡಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣರೆಪ್ಪೆ ಎತ್ತಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಜನರೆಲ್ಲ ಕೇಳುವಂತೆ, "ಕುಡದಾರೇನು?" ಎಂದರು.

"ಮಾಳಕರಿ ಅದಾರ್ರಿ" ಎಂದರು ಕಾಕು.

ಡಾಕ್ಟರು ನನ್ನ ಕಡೆ ತಿರುಗಿದರು. ಅಲ್ಲಿ ನನ್ನ ಬಳಿ ಎಷ್ಟೋ ದನಿಗಳಿದ್ದವು. ಯಾವುದೂ ಆ ಹೊತ್ತಿಗೆ ಬರುವಂಥದ್ದಾಗಿರಲಿಲ್ಲ. "ಬೆಳಿಗ್ಗೆ ದ್ರಾಕ್ಷಿಗೆ ಪೇಸ್ಟ್ ಹಚ್ಯಾರ್ರಿ, ಬೆರಳಿಗೆ ಹತ್ತೈತಿ. ಊಟ ಆದ ಮ್ಯಾಲ ಈ ಅರಿಷ್ಟ ಅರ್ಧಾ ಗ್ಲಾಸ್ ಕುಡದಾರ. ಇದರಾಗ ಆಲ್ಕೋಹಾಲ್ ಇರ್ತೈತಿ. ಇವರಿಗೆ ಗೊತ್ತಿರಲಿಲ್ರಿ" ಎಂದು ಬಾಟಲಿ ಕೊಟ್ಟೆ.

ಡಾಕ್ಟರು ಬಾಟಲಿಯನ್ನು ತಿರುಗಿಸಿ ನೋಡಿ ನರ್ಸನ್ನು ಕೂಗಿದರು. ಎರಡೂ ಕೈಗೆ ಸಲೈನು, ಮೂಗಿಗೆ ಆಕ್ಸಿಜನ್, ಬಿಪಿ ಯಂತ್ರ. ಇದಕ್ಕೆ ಇಂಥದ್ದೇ ಎಂಬ ಮದ್ದಿಲ್ಲ, ಬಿಪಿ ಬೀಳದಂತೆ ಹಿಡಿದು ನೋಡುತ್ತಾ ಇರಬೇಕು ಎಂದರು. ಎದೆಗೆ ತಂತಿ ಅಂಟಿಸುವಾಗ ನರ್ಸು ಮಾಲೆಯನ್ನು ಪಕ್ಕಕ್ಕೆ ಸರಿಸಿದಳು. ಕಾಕಾ ಅವಳ ಕೈ ತಡೆದರು. ಸೂಜಿ ಚುಚ್ಚಿದ ಕೈಯಿಂದಲೇ ಮಾಲೆಯನ್ನು ನಿಧಾನವಾಗಿ ತಲೆಯ ಮೇಲಿಂದ ತೆಗೆದು ಕಾಕು ಅವರ ಅಂಗೈಯಲ್ಲಿ ಇಟ್ಟರು. ನನ್ನ ಕಡೆ ನೋಡಲಿಲ್ಲ.

ಹೊರಗೆ ಬೆಂಚಿನ ಮೇಲೆ ಮೂವರೂ ಕೂತೆವು. ಕಾಕು ಸೆರಗಿನ ತುದಿಯಲ್ಲಿ ಮಾಲೆ ಕಟ್ಟಿ, ಆ ಗಂಟನ್ನು ಬಿಗಿಯಾಗಿ ಹಿಡಿದಿದ್ದರು. ಒಳಗಿನ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಅದರ ನಡುವಿನ ಬಿಡುವು ಹಿಗ್ಗಿದಂತೆ ಅನಿಸಿದಾಗಲೆಲ್ಲ ಮೂವರೂ ಬಾಗಿಲ ಕಡೆ ತಿರುಗುತ್ತಿದ್ದೆವು.

"ಲಾ ಎಸ್ಪೇರಾ" ಎಂದರು ಬಾಯಿ. ಅಂಗೈ ಏಳಲಿಲ್ಲ. ಯಾರಿಗೂ ಹೇಳಿದ್ದಲ್ಲ.

"ಏನಂತಾರ?" ಎಂದರು ಕಾಕು.

"ಕಾಯೂದು ಅಂತಾರ್ರಿ."

"ಕಾಯ್ರಿ ಅಂತಾರ?"

"ಇಲ್ರಿ. ಈಗ ಇಲ್ಲೇ ಐತಲ್ಲ, ಇದು. ಇದರ ಹೆಸರು."

ಕಾಕು ಬಾಯಿಯ ಕಡೆ ತಿರುಗಿದರು. "ಹಂಗಾರ ಆಕೀಗೂ ಇದರ ಗುರುತೈತಿ" ಎಂದು ಬಾಯಿಯ ಕೈಯನ್ನು ತಮ್ಮ ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ಶೆಡ್ಡಿನಲ್ಲಿ ಬಾಯಿ ಕುಂಬಳಕಾಯಿ ಹಿಡಿದಂತೆ ತೋರಿಸಿದ್ದು ನನಗೆ ಆಗ ನಿಜವಾಗಿ ತಿಳಿಯಿತು. ಅದಕ್ಕೆ ತೂಕವಿತ್ತು. ಮೂವರ ತೊಡೆಯ ಮೇಲೂ ಕೂತಿತ್ತು.

ಹೊತ್ತು ಇಳಿಯುವಾಗ ಡಾಕ್ಟರು ಹೊರಬಂದು, ಬಿಪಿ ಏರಿದೆ, ಅಪಾಯ ದಾಟಿದೆ, ಆದರೂ ಎರಡು ದಿನ ಇಲ್ಲೇ ಇರಲಿ ಎಂದರು. "ಬಾಟಲಿ ತಂದಿದ್ದು ಚೊಲೋ ಆತು" ಎಂದರು. ನನಗೆ ಸಂತೋಷವಾಗಲಿಲ್ಲ. ಕಾಕು ಒಳಗೆ ಹೋದರು. ಸೆರಗಿನ ಗಂಟು ಬಿಚ್ಚಲಿಲ್ಲ.

ತೋಟದಲ್ಲಿ ಅರ್ಧ ಸಾಲುಗಳು ಪೇಸ್ಟಿಲ್ಲದೆ ಉಳಿದಿದ್ದವು. ತಡವಾದರೆ ಅರ್ಧ ತೋಟ ಒಮ್ಮೆ, ಅರ್ಧ ತೋಟ ಇನ್ನೊಮ್ಮೆ ಒಡೆಯುತ್ತದೆ. ಮರುದಿನ ಮಂಜು ಆರಿದ ಮೇಲೆ, ಟೋಳಿಯವರನ್ನು ಯಾರನ್ನೂ ಬಕೆಟ್ ಮುಟ್ಟಗೊಡದೆ, ಬಾಯಿ ಮತ್ತು ನಾನು ಎರಡೆರಡು ಕೈಗವಸು ಹಾಕಿಕೊಂಡು ಹಚ್ಚಿದೆವು. ಅಧ್ಯಕ್ಷರೇ, ನೀವೂ ಒಂದು ಸಾಲು ಹಿಡಿಯುತ್ತೀರಾ ಎಂದು ಫೋನಿನಲ್ಲಿ ಕೇಳಿದ್ದೆ. ಅವರು ಮಳೆಯ ವಿಷಯ ತೆಗೆದರು. ಅಂದಿನಿಂದ ಪೇಸ್ಟಿಗೆ ಮೊದಲು ನಾವು ಕೇಳುವ ಪ್ರಶ್ನೆ ಬದಲಾಗಿದೆ. ಕುಡಿಯುತ್ತೀರಾ ಎಂದು ಕೇಳುವುದಿಲ್ಲ. ನಿನ್ನೆಯಿಂದ ಹೊಟ್ಟೆಗೆ ಏನೇನು ಹೋಗಿದೆ, ಮುಂದಿನ ವಾರ ಏನೇನು ಹೋಗುತ್ತದೆ, ಕೆಮ್ಮಿನ ಔಷಧಿ, ಟಾನಿಕ್, ಮಂಡಿಯ ಮದ್ದು, ಅಜ್ಜಿ ಕೊಟ್ಟ ಕಷಾಯ, ಎಲ್ಲವನ್ನೂ ತಂದು ಕಟ್ಟೆಯ ಮೇಲೆ ಇಡಿ ಎನ್ನುತ್ತೇವೆ. ಒಂದೊಂದೇ ಮುಚ್ಚಳ ತೆಗೆದು ಮೂಸುತ್ತೇನೆ. ಇದಕ್ಕೂ ಟೋಳಿಯವರು ನನಗೊಂದು ಹೆಸರಿಟ್ಟಿದ್ದಾರೆ. ಬರೆಯುವಂಥದ್ದಲ್ಲ.

ಕಾಕಾ ಬಂದದ್ದು ಟೋಳಿ ಮುಂದಿನ ತೋಟಕ್ಕೆ ಹೋದ ಮೇಲೆ. ಬೆಳಿಗ್ಗೆ ಟೆಂಪೊದಿಂದ ಕೊನೆಗೆ ಇಳಿದರು. ಅಂಗಿಯ ಮೇಲಿನ ಗುಂಡಿ ಕುತ್ತಿಗೆಯವರೆಗೆ ಹಾಕಿದ್ದರು, ಆದರೂ ಕೊರಳು ಬರಿದಾದದ್ದು ಕಾಣುತ್ತಿತ್ತು. ಆಯಿಯ ಮಗ ದಿನಾ ಅವರನ್ನು ಕಂಡೊಡನೆ ರಾಮಕೃಷ್ಣ ಹರಿ ಎಂದು ಕಾಲು ಮುಟ್ಟುತ್ತಿದ್ದವನು ಕತ್ತರಿಯ ಸ್ಪ್ರಿಂಗು ಸರಿಮಾಡುತ್ತಾ ನಿಂತ. ಉಳಿದವರೂ ಏನಾದರೊಂದು ಸರಿಮಾಡಿಕೊಳ್ಳುತ್ತಿದ್ದರು. ಕಾಕಾ ಹೊರೆಯ ಪಕ್ಕದಲ್ಲಿ ನಿಂತು ನನ್ನನ್ನು ಕರೆದರು. ವಾಂತಿಯಿಂದ ಗಂಟಲು ಕೆಟ್ಟಿತ್ತು.

"ಮಂದಿ ಏನ್ ಅನ್ನಾಕತ್ತಾರ ಗೊತ್ತೈತಿ ನನಗ. ನನ್ನ ದನಿಯಾಗ ಹೇಳಿಬಿಡು ಇವರಿಗೆ ಆದದ್ದು. ನನ್ನ ಕಡಿಂದ ಆಗೂದಿಲ್ಲ."

"ನಿಮ್ಮ ದನಿಯಾಗ ಹೇಳಿದ್ರ ನಕಲಿ ಅಂತ ನಗ್ತಾರ್ರಿ ಕಾಕಾ."

"ನಗಲಿ. ನಕ್ಕರ ಕೇಳ್ತಾರ."

ನನಗೆ ಆ ದನಿ ಬರಲಿಲ್ಲ. ನನ್ನದರಲ್ಲೇ ಹೇಳಿದೆ. ಸಂಬಳ ಕೇಳುವಾಗಿನ ಆ ಕೀರಲು ದನಿಯೇ ಬಂತು. ಕಾಕು ಕೊಟ್ಟದ್ದು ಮಂಡಿಯ ಮದ್ದೆಂದು, ಅದರೊಳಗೆ ಏನು ಇತ್ತೆಂದು, ಅವರಿಗೆ ಗೊತ್ತಿರಲಿಲ್ಲವೆಂದು, ಗೊತ್ತಿರಬೇಕಾದವನು ಓದಿಬಂದ ನಾನೆಂದು ಹೇಳಿದೆ.

ಆಯಿಯ ಮಗ ಕತ್ತರಿ ಕೆಳಗಿಟ್ಟ. "ಗೊತ್ತಿಲ್ಲದ ಆದದ್ದಕ್ಕ ಮಾಲಿ ಯಾಕ ತಗೀಬೇಕ್ರಿ?"

"ಗೊತ್ತಿಲ್ಲದ ಹೋದ್ರೂ ಒಳಗ ಹೋಗಿದ್ದು ಅದಽ ಅಲ್ಲ?" ಎಂದರು ಕಾಕಾ. "ಕಾರ್ತಿಕ ಏಕಾದಶಿಗೆ ಪಂಢರಪುರಕ್ಕ ಹೋಗ್ತೀನಿ. ಮಾಲಿ ಹಾಕಿದವರ ಮುಂದ ನಿಂತು ಹೇಳ್ತೀನಿ. ಹಾಕು ಅಂದ್ರ ಹಾಕ್ಕೋತೀನಿ. ಅಲ್ಲೀತನಕಾ ಹಿಂಗಽ."

ಆಯಿ ಹೆಂಗಸರ ಸಾಲಿನಿಂದ ಎದ್ದು ಬಂದಳು. ಅವಳ ಕೊರಳಿನ ಮಾಲೆ ಕಾಕಾನದಕ್ಕಿಂತ ಹಳೆಯದು. ಕೈಗಂಟಿದ ಕಸ ಸೀರೆಗೆ ಒರೆಸಿಕೊಂಡು ಅವರ ಕಾಲಿಗೆ ಬಾಗಿದಳು. ಕಾಕಾ ಹಿಂದೆ ಸರಿದರು.

"ಬ್ಯಾಡ ಆಯಿ. ಕೊಳ್ಳು ಬರೇ ಐತಿ."

"ಕಣ್ಣ ಅದಾವ ನನಗ, ಕಾಣತೈತಿ" ಎಂದಳು ಆಯಿ ಬಾಗಿದಲ್ಲಿಂದಲೇ. "ನಾ ಕೊಳ್ಳಿಗೆ ಬಂದಿಲ್ಲ, ಕಾಲಿಗೆ ಬಂದೀನಿ. ಸರಿಯಾಗಿ ನಿಂದ್ರು."

ಕಾಕಾ ನಿಂತರು. ಅವಳು ಮುಟ್ಟಿದಳು. ಪಂಢರಪುರಕ್ಕೆ ನಡೆಯುವ ವಾರಕರಿಗಳಲ್ಲಿ ಒಬ್ಬರು ಮುಟ್ಟಿದರೆ ಇನ್ನೊಬ್ಬರೂ ಮುಟ್ಟಲೇಬೇಕು. ಅವರು ನೋಯುವ ಮಂಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ನೆಲಕ್ಕೆ ಊರಿ, ಇಷ್ಟಿಷ್ಟೇ ಬಾಗಿ ಅವಳ ಮಣ್ಣು ಹತ್ತಿದ ಕಾಲಿಗೆ ತಲೆ ತಾಗಿಸಿದರು. ಏಳಲು ಬಹಳ ಹೊತ್ತು ಹಿಡಿಯಿತು. ಆಯಿ ಅವರ ರಟ್ಟೆ ಹಿಡಿದು ಎತ್ತಿದಳು. ಅಷ್ಟರಲ್ಲಿ ಅವಳ ಮಗ ಹತ್ತಿರ ಬಂದು ತನ್ನ ಸರದಿಗೆ ನಿಂತಿದ್ದ.